ಭೂಮಿಯ ತಿರುಳಿನಲ್ಲಿ ಕಬ್ಬಿಣ ಹೇಗೆ ಬಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಷ್ಟದ ಪಾಠಕ್ಕೆ ನಾವು ಕಬ್ಬಿಣದ ಕಡಲೆ ಅನ್ನುತ್ತೇವೆ. ಗಟ್ಟಿ ಅಂದರೆ ಕಬ್ಬಿಣ ಅನ್ನುವುದು ನಮ್ಮ ಮಾತಿನಲ್ಲೇ ಬೆರೆತುಹೋಗಿದೆ. ಆದರೆ ಭೂಮಿಯ ನಡುವೆ ಇರುವ ಕಬ್ಬಿಣ ಗಟ್ಟಿಯೋ ಮೆತ್ತಗೋ ಎಂದು ಕೇಳಿದರೆ ವಿಜ್ಞಾನಿಗಳು ತಕ್ಷಣ ಇನ್ನೊಂದು ಪ್ರಶ್ನೆ ಕೇಳುತ್ತಾರೆ: "ಅದಕ್ಕೆ ಎಷ್ಟು ಹೊತ್ತು ಕೊಡುತ್ತೀರಿ?" ಈ ಮರುಪ್ರಶ್ನೆ ಯಾಕೆ ಅನ್ನುವುದು ಮುಂದೆ ಓದಿದಂತೆ ಗೊತ್ತಾಗುತ್ತದೆ.

ಭೂಮಿಯೊಳಗೆ ಕಬ್ಬಿಣ ಎಲ್ಲಿದೆ, ಎಷ್ಟಿದೆ?

ಸಂಡೂರಿನ ಗುಡ್ಡದಲ್ಲಿ, ಕುದುರೆಮುಖದಲ್ಲಿ ಕಾಣುವ ಅದಿರು ಲೆಕ್ಕಕ್ಕೇ ಇಲ್ಲ. ಭೂಮಿಯ ತೂಕದ ಸುಮಾರು ಮೂರರಲ್ಲಿ ಒಂದು ಭಾಗ ಅದರ ತಿರುಳಿನಲ್ಲೇ ಇದೆ, ಮತ್ತು ಆ ತಿರುಳಿನ ಬಹುಪಾಲು ಕಬ್ಬಿಣ. ಶಾಲೆಯ ಪುಸ್ತಕದಲ್ಲಿ ಇದನ್ನು ಕೇಂದ್ರಗೋಳ ಎಂದು ಓದಿರುತ್ತೀರಿ. ಇಲ್ಲಿ ತಿರುಳು ಅಂತಲೇ ಕರೆಯೋಣ.

ನಮ್ಮ ಕಾಲ ಕೆಳಗೆ ಸುಮಾರು 2,890 ಕಿಲೋಮೀಟರ್ ಆಳದಲ್ಲಿ ತಿರುಳು ಶುರುವಾಗುತ್ತದೆ. ಅಲ್ಲಿಂದ 5,150 ಕಿಲೋಮೀಟರ್‌ವರೆಗೆ ಹೊರತಿರುಳು. ಅಲ್ಲಿ ಕಬ್ಬಿಣ ಕರಗಿದ ದ್ರವ. ಅದರೊಳಗೆ ಸುಮಾರು 1,220 ಕಿಲೋಮೀಟರ್ ತ್ರಿಜ್ಯದ ಘನ ಉಂಡೆ ಇದೆ. ಅದೇ ಒಳತಿರುಳು. ಚಂದ್ರನ ತ್ರಿಜ್ಯದ ಶೇ 70ರಷ್ಟು ದೊಡ್ಡದು ಅಂದುಕೊಳ್ಳಿ. ಇದು ಅಪ್ಪಟ ಕಬ್ಬಿಣವಲ್ಲ. ಸ್ವಲ್ಪ ನಿಕ್ಕಲ್ ಇದೆ. ಜೊತೆಗೆ ಹಗುರ ಮೂಲವಸ್ತುಗಳೂ ಬೆರೆತಿವೆ. ಅವು ಗಂಧಕವೋ, ಸಿಲಿಕಾನೋ, ಆಮ್ಲಜನಕವೋ, ಜಲಜನಕವೋ, ಯಾವುದು ಎಷ್ಟು ಅನ್ನುವ ಜಗಳ ದಶಕಗಳಿಂದ ನಡೆದಿದೆ.

ಯಾರೂ ಅಲ್ಲಿಗೆ ಹೋಗಿಲ್ಲ. ಮತ್ತೆ ಇದೆಲ್ಲ ಹೇಗೆ ಗೊತ್ತು?

ಹೋಗುವ ಮಾತೇ ಇಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ನಮ್ಮವರು 3 ಕಿಲೋಮೀಟರ್‌ಗೂ ಆಳಕ್ಕೆ ಇಳಿದಿದ್ದರು. ಅಷ್ಟಕ್ಕೇ ಬಂಡೆ ಕೈ ಸುಡುತ್ತಿತ್ತು. ಒತ್ತಡ ತಾಳಲಾರದೆ ಬಂಡೆಗಳು ಸಿಡಿಯುತ್ತಿದ್ದವು. ರಷ್ಯಾದ ಕೋಲಾದಲ್ಲಿ ಕೊರೆದ ಆಳದ ರಂಧ್ರವೂ 12,262 ಮೀಟರ್‌ಗೆ ನಿಂತಿತು. ಭೂಮಿ ಮಾವಿನಹಣ್ಣಾದರೆ ನಾವಿನ್ನೂ ಸಿಪ್ಪೆಯನ್ನೇ ದಾಟಿಲ್ಲ.

ಸುದ್ದಿ ತರುವುದು ಭೂಕಂಪದ ಅಲೆಗಳು. ಒಂದು ಕಡೆ ನೆಲ ನಡುಗಿದರೆ ಅಲೆಗಳು ಭೂಮಿಯನ್ನು ಹಾಯ್ದು ಇನ್ನೊಂದು ಕಡೆ ಏಳುತ್ತವೆ. ದಾರಿಯಲ್ಲಿ ಬಾಗಿದವೋ, ತಡವಾದವೋ, ಮಾಯವಾದವೋ ಅನ್ನುವುದನ್ನು ನೋಡಿ ಒಳಗೇನಿದೆ ಎಂದು ಊಹಿಸುತ್ತಾರೆ. ಕಲ್ಲಂಗಡಿಯನ್ನು ಬೆರಳಿನಿಂದ ತಟ್ಟಿ ಕೊಳ್ಳುತ್ತೇವಲ್ಲ, ಹಾಗೆ. 1906ರಲ್ಲಿ ರಿಚರ್ಡ್ ಓಲ್ಡಮ್ ಭೂಮಿಗೆ ತಿರುಳಿದೆ ಎಂದು ತೋರಿಸಿದ್ದು ಹೀಗೆಯೇ. ಆತ ಭಾರತದ ಭೂಗರ್ಭ ಸಮೀಕ್ಷೆಯಲ್ಲಿ ಕೆಲಸ ಮಾಡಿದವರು, 1897ರ ಅಸ್ಸಾಂ ಭೂಕಂಪವನ್ನು ಅಭ್ಯಾಸ ಮಾಡಿದವರು.

ಒಳತಿರುಳನ್ನು ಕಂಡುಹಿಡಿದದ್ದು ಡೆನ್ಮಾರ್ಕಿನ ಇಂಗೆ ಲೆಹ್ಮನ್. 1929ರ ನ್ಯೂಜಿಲೆಂಡ್ ಭೂಕಂಪದ ಅಲೆಗಳು ಬರಬಾರದ ಜಾಗಕ್ಕೆ ಬಂದಿದ್ದನ್ನು ಗಮನಿಸಿ, 1936ರಲ್ಲಿ ಅವರು ಒಳಗೆ ಇನ್ನೊಂದು ಉಂಡೆ ಇದೆ ಎಂದರು. ಕಂಪ್ಯೂಟರ್ ಇಲ್ಲದ ಕಾಲ. ಓಟ್ಸ್ ಡಬ್ಬಿಗಳಲ್ಲಿ ರಟ್ಟಿನ ಚೀಟಿಗಳನ್ನು ಜೋಡಿಸಿಟ್ಟುಕೊಂಡು ಲೆಕ್ಕ ಮಾಡುತ್ತಿದ್ದರಂತೆ. ಆಕೆ 104 ವರ್ಷ ಬಾಳಿದರು. ನಮ್ಮ ಗೌರಿಬಿದನೂರಿನಲ್ಲೂ 1960ರ ದಶಕದಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪನಮಾಪಕಗಳ ಸಾಲು ಇದೆ. ದೂರದ ಭೂಕಂಪ, ಅಣುಸ್ಫೋಟ ಎರಡಕ್ಕೂ ಅದು ಕಿವಿಗೊಟ್ಟು ಕೂತಿರುತ್ತದೆ.

ಅಷ್ಟು ಬಿಸಿಯಲ್ಲೂ ಒಳತಿರುಳು ಯಾಕೆ ಕರಗಿಲ್ಲ?

ಅಡುಗೆಮನೆಯ ಕುಕ್ಕರ್ ನೆನಪಿಸಿಕೊಳ್ಳಿ. ಒಳಗಿನ ಒತ್ತಡ ಹೊರಗಿನದಕ್ಕಿಂತ ಒಂದು ವಾತಾವರಣದಷ್ಟು, ಅಂದರೆ ನಮ್ಮ ಸುತ್ತಲ ಗಾಳಿಯ ಒತ್ತಡದಷ್ಟು, ಜಾಸ್ತಿಯಾದರೂ ಸಾಕು, ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 120ರ ಹತ್ತಿರ ಹೋಗಬೇಕು. ಕಬ್ಬಿಣದ ಕಥೆಯೂ ಇದೇ ದಾರಿಯದು. ಕುಲುಮೆಯಲ್ಲಿ ಅದು 1,538 ಡಿಗ್ರಿಗೆ ಕರಗುತ್ತದೆ. ಒತ್ತಡ ಏರಿದಂತೆ ಕರಗುವ ಬಿಸಿಯೂ ಏರುತ್ತದೆ. ಒಳತಿರುಳಿನ ಅಂಚಿನಲ್ಲಿ ಒತ್ತಡ ಸುಮಾರು 330 ಗಿಗಾಪಾಸ್ಕಲ್, ಅಂದರೆ 33 ಲಕ್ಷ ವಾತಾವರಣದ ಹತ್ತಿರ. ಭೂಮಿಯ ನಟ್ಟನಡುವೆ 36 ಲಕ್ಷ. ಅಲ್ಲಿನ ಬಿಸಿ ಸೂರ್ಯನ ಮೇಲ್ಮೈಯ ಬಿಸಿಗೆ ಸಮಸಮ. ಆದರೂ ಆ ಒತ್ತಡದಲ್ಲಿ ಕರಗಲು ಅದು ಸಾಲದು. ಹೊರತಿರುಳಿನ ಬಿಸಿ ಒಳತಿರುಳಿಗಿಂತ ಕಡಿಮೆಯೇ. ಒತ್ತಡ ಅದಕ್ಕಿಂತಲೂ ಕಡಿಮೆ ಇರುವುದರಿಂದ ಅಲ್ಲಿ ಕಬ್ಬಿಣ ದ್ರವವಾಗಿದೆ.

ಅಷ್ಟು ಅದುಮಿದರೆ ಕಬ್ಬಿಣದ ಒಳಗೆ ಏನಾಗುತ್ತದೆ?

ಗಾಡಿಯ ಮೇಲೆ ನಿಂಬೆಹಣ್ಣು ಜೋಡಿಸುವವರನ್ನು ನೋಡಿ. ಒಂದರ ನೆತ್ತಿಯ ಮೇಲೆ ಇನ್ನೊಂದನ್ನು ಇಡುವುದಿಲ್ಲ. ಕೆಳಗಿನ ಸಾಲಿನ ಸಂದುಗಳಲ್ಲಿ ಕೂರಿಸುತ್ತಾರೆ. ಆಗ ಜಾಗ ಉಳಿಯುತ್ತದೆ. ನಮ್ಮ ಮನೆಯ ಕಬ್ಬಿಣದಲ್ಲಿ ಪರಮಾಣುಗಳು ಇಷ್ಟು ಚೊಕ್ಕವಾಗಿ ಕೂತಿಲ್ಲ. ಚೌಕದ ನಾಲ್ಕು ಮೂಲೆ ಕೆಳಗೆ, ನಾಲ್ಕು ಮೇಲೆ, ನಡುವೆ ಒಂದು. ಈ ಜೋಡಣೆಯಲ್ಲಿ ಶೇ 68ರಷ್ಟು ಜಾಗ ಮಾತ್ರ ತುಂಬಿರುತ್ತದೆ.

ಒತ್ತಡ ಸುಮಾರು 13 ಗಿಗಾಪಾಸ್ಕಲ್ ದಾಟಿದರೆ ಪರಮಾಣುಗಳು ಜಾಗ ಬದಲಿಸಿ ನಿಂಬೆಹಣ್ಣಿನ ರಾಶಿಯ ಹಾಗೆ ಒತ್ತೊತ್ತಾಗಿ ಕೂರುತ್ತವೆ. ಆರು ಮೂಲೆಯ ಜೋಡಣೆ, ಶೇ 74 ಭರ್ತಿ. 1956ರಲ್ಲಿ ಅಮೆರಿಕದ ವಿಜ್ಞಾನಿಗಳು ಸಿಡಿಮದ್ದಿನಿಂದ ಕಬ್ಬಿಣಕ್ಕೆ ಆಘಾತ ಕೊಟ್ಟು ನೋಡಿದಾಗ ಈ ಬದಲಾವಣೆ ಮೊದಲ ಸಲ ಕಂಡಿತು. 2010ರಲ್ಲಿ ಜಪಾನಿನ ತಂಡವೊಂದು 377 ಗಿಗಾಪಾಸ್ಕಲ್ ಮತ್ತು 5,400 ಡಿಗ್ರಿ ಸೆಲ್ಸಿಯಸ್ ಹತ್ತಿರದ ಬಿಸಿಯಲ್ಲೂ ಆರು ಮೂಲೆಯ ಕಬ್ಬಿಣ ಹಾಗೇ ಉಳಿಯುತ್ತದೆ ಎಂದು ತೋರಿಸಿತು. ಅಂದರೆ ಒಳತಿರುಳಿನಲ್ಲಿ ಇರುವುದೂ ಇದೇ ಆಗಿರುವ ಸಾಧ್ಯತೆ ಹೆಚ್ಚು. ಅಲ್ಲ, ಅಷ್ಟು ಬಿಸಿಯಲ್ಲಿ ಅದು ಮತ್ತೆ ಹಳೆಯ ಚೌಕಕ್ಕೇ ಮರಳುತ್ತದೆ ಅನ್ನುವವರೂ ಇದ್ದಾರೆ.

ಇನ್ನೊಂದು ಮಾತು. ಮನೆಯ ಕಬ್ಬಿಣ ನೀರಿಗಿಂತ ಸುಮಾರು 7.9 ಪಟ್ಟು ಭಾರ. ಒಳತಿರುಳಿನದು 13 ಪಟ್ಟಿನ ಹತ್ತಿರ.

ಲೋಹ ಬಾಗುವುದು ಅಂದರೆ ಪರಮಾಣುಗಳು ಏನು ಮಾಡುತ್ತವೆ?

ಎರಡು ದಾರಿ ಇವೆ. ಇಡೀ ವಿಷಯದ ಜೀವಾಳ ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲನೆಯದು ಜಾರುವುದು. ದೊಡ್ಡ ಜಮಖಾನವನ್ನು ನೆಲದ ಮೇಲೆ ಒಂದು ಗೇಣು ಸರಿಸಬೇಕು. ಇಡಿಯಾಗಿ ಎಳೆದರೆ ಜಗ್ಗುವುದಿಲ್ಲ. ಒಂದು ತುದಿಯಲ್ಲಿ ಸಣ್ಣ ಸುಕ್ಕು ಮಾಡಿ, ಅದನ್ನು ಕಾಲಿನಿಂದ ಆ ತುದಿಯವರೆಗೆ ತಳ್ಳಿದರೆ ಸಾಕು, ಜಮಖಾನ ಸರಿದಿರುತ್ತದೆ. ಪರಮಾಣುಗಳು ಒಂದೇ ಕ್ರಮದಲ್ಲಿ ಸಾಲಾಗಿ ಕೂತ ತುಣುಕಿಗೆ ಹರಳು ಅನ್ನುತ್ತಾರೆ. ಲೋಹದ ಹರಳಿನಲ್ಲೂ ಇಂಥ ಸುಕ್ಕುಗಳಿವೆ. ಜೋಡಣೆಯಲ್ಲಿ ಒಂದು ಸಾಲು ತಪ್ಪಿದ ಜಾಗಗಳು ಅವು. ಬಲ ಬಿದ್ದಾಗ ಆ ತಪ್ಪು ಹರಳಿನುದ್ದಕ್ಕೂ ಓಡುತ್ತದೆ, ಒಂದು ಪದರ ಇನ್ನೊಂದರ ಮೇಲೆ ಜಾರುತ್ತದೆ. 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ಬೇರೆ ಬೇರೆಯಾಗಿ ಇದನ್ನು ಹೇಳಿದರು. ಕಮ್ಮಾರ ಕುಡುಗೋಲು ಬಡಿಯುವಾಗ ಒಳಗೆ ನಡೆಯುವುದು ಹೆಚ್ಚಾಗಿ ಇದೇ.

ಎರಡನೆಯದು ಅವಳಿಯಾಗುವುದು. ಹರಳಿನ ಒಂದು ಭಾಗದ ಪರಮಾಣುಗಳೆಲ್ಲ ಒಟ್ಟಿಗೆ ಚೂರು ಚೂರು ಸರಿದು, ಪಕ್ಕದ ಭಾಗವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿ ನಿಲ್ಲುತ್ತವೆ. ಒಂದೇ ಹರಳು, ಎದುರುಬದುರು ಎರಡು ಮುಖ.

ತುಂಬಿದ ಬಸ್ಸಿನಲ್ಲಿ ನಿಂತವರನ್ನು ನೆನೆಸಿಕೊಳ್ಳಿ. ಕಂಡಕ್ಟರ್ "ಮುಂದೆ ಹೋಗಿ, ಮುಂದೆ ಹೋಗಿ" ಅಂದಾಗ ಒಬ್ಬೊಬ್ಬರೇ ಸಂದಿಯಲ್ಲಿ ನುಸುಳಿ ಮುಂದೆ ಸರಿಯುತ್ತಾರೆ. ಅದು ಜಾರುವ ದಾರಿ, ಅದಕ್ಕೆ ಸಮಯ ಬೇಕು. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ನುಸುಳಲು ಪುರುಸೊತ್ತು ಎಲ್ಲಿ? ಎಲ್ಲರೂ ನಿಂತಲ್ಲೇ ಒಂದೇ ಕಡೆ ತಿರುಗುತ್ತಾರೆ. ಅದು ಅವಳಿ.

ಚೌಕದ ಜೋಡಣೆಯಲ್ಲಿ ಜಾರಲು ದಾರಿಗಳು ಹಲವು. ಆರು ಮೂಲೆಯ ಜೋಡಣೆಯಲ್ಲಿ ಸುಲಭದ ದಾರಿಗಳು ಕಡಿಮೆ. ಹಾಗಾಗಿ ಸತು, ಮೆಗ್ನೀಸಿಯಂ, ಟೈಟಾನಿಯಂನಂಥ ಆರು ಮೂಲೆಯ ಲೋಹಗಳಲ್ಲಿ ಅವಳಿಯಾಗುವುದು ಮಾಮೂಲಿ. ತಿರುಳಿನ ಕಬ್ಬಿಣವೂ ಆರು ಮೂಲೆಯದೇ ಅಲ್ವಾ, ಅದೂ ಹೀಗೇ ಮಾಡುತ್ತದೆಯೇ ಅನ್ನುವುದು ಪ್ರಶ್ನೆಯಾಗಿತ್ತು.

ಇಂಥ ಒತ್ತಡವನ್ನು ಲ್ಯಾಬಿನಲ್ಲಿ ಹೇಗೆ ತರುತ್ತಾರೆ?

ಒಂದು, ವಜ್ರದ ಅಡಿಗಲ್ಲು. ಎರಡು ವಜ್ರಗಳ ಚೂಪು ತುದಿಗಳನ್ನು ಚಪ್ಪಟೆಯಾಗಿ ಕತ್ತರಿಸಿ, ನಡುವೆ ಕೂದಲಿಗಿಂತ ಸಣ್ಣ ಕಬ್ಬಿಣದ ಚೂರಿಟ್ಟು ಸ್ಕ್ರೂ ತಿರುಗಿಸುತ್ತಾರೆ. ಅಂಗೈಯಲ್ಲಿ ಹಿಡಿಯುವಷ್ಟೇ ಉಪಕರಣ. ಬಲ ಬೀಳುವ ಜಾಗ ಅತಿ ಚಿಕ್ಕದಾದ್ದರಿಂದ ಒತ್ತಡ ವಿಪರೀತ ಏರುತ್ತದೆ. ಹೈಹೀಲ್ಡ್ ಚಪ್ಪಲಿಯ ತುದಿ ಕಾಲ ಮೇಲೆ ಬಿದ್ದವರಿಗೆ ಈ ತತ್ತ್ವ ವಿವರಿಸಬೇಕಿಲ್ಲ. ವಜ್ರ ಪಾರದರ್ಶಕ, ಹಾಗಾಗಿ ಲೇಸರ್ ಹಾಯಿಸಿ ಬಿಸಿ ಮಾಡಬಹುದು, ಎಕ್ಸ್‌ರೇ ಹಾಯಿಸಿ ಒಳಗೆ ನೋಡಬಹುದು. ವಜ್ರ ಒಡೆಯುವುದೂ ಉಂಟು. ಆಗ ತಿಂಗಳುಗಟ್ಟಲೆಯ ಕೆಲಸ ಟಪ್ ಎಂದು ಮುಗಿದುಹೋಗುತ್ತದೆ.

ಎರಡು, ಲೇಸರ್ ಏಟು. ಶಕ್ತಿಶಾಲಿ ಲೇಸರ್ ಮಿಡಿತವನ್ನು ಮಾದರಿಯ ಮೇಲೆ ಬಿಟ್ಟರೆ ಮೇಲ್ಪದರ ಆವಿಯಾಗಿ ಹಿಂದಕ್ಕೆ ಚಿಮ್ಮುತ್ತದೆ. ಅದರ ಪ್ರತಿಬಲ ಆಘಾತದ ಅಲೆಯಾಗಿ ಲೋಹದೊಳಗೆ ನುಗ್ಗುತ್ತದೆ. ಬಿಸಿ, ಒತ್ತಡ ಎರಡೂ ಒಟ್ಟಿಗೆ ಸಿಗುತ್ತವೆ. ಆದರೆ ಎಲ್ಲ ಕೆಲವೇ ನ್ಯಾನೋಸೆಕೆಂಡ್. ಒಂದು ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು.

2021ರಲ್ಲಿ ಸುದ್ದಿಯಾದ ಪ್ರಯೋಗದಲ್ಲಿ ಏನು ಕಂಡಿತು?

ಫ್ರಾನ್ಸಿನ ಲೀಲ್ ವಿಶ್ವವಿದ್ಯಾಲಯದ ಸೆಬಾಸ್ಟಿಯನ್ ಮರ್ಕೆಲ್, ಅಮೆರಿಕದ ಸ್ಲ್ಯಾಕ್ ಪ್ರಯೋಗಾಲಯದ ಅರಿಯಾನಾ ಗ್ಲೀಸನ್ ಮತ್ತು ಅವರ ಜೊತೆಗಾರರು ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಮಾಡಿದರು. ತೆಳು ಕಬ್ಬಿಣದ ಮಾದರಿಗೆ ಒಂದು ಲೇಸರ್‌ನಿಂದ ಏಟು. ಅದರ ಹಿಂದೆಯೇ ಎಕ್ಸ್‌ರೇ ಲೇಸರ್‌ನಿಂದ ಫೋಟೊ. ಆ ಎಕ್ಸ್‌ರೇ ಮಿನುಗು ಇರುವುದು ಫೆಮ್ಟೊಸೆಕೆಂಡ್‌ಗಳ ಲೆಕ್ಕದಲ್ಲಿ. ನ್ಯಾನೋಸೆಕೆಂಡನ್ನು ಹತ್ತು ಲಕ್ಷ ಹೋಳು ಮಾಡಿದರೆ ಒಂದು ಹೋಳು ಒಂದು ಫೆಮ್ಟೊಸೆಕೆಂಡ್. ಅಷ್ಟು ಚುರುಕು ಇರುವುದರಿಂದಲೇ ಪರಮಾಣುಗಳು ಸರಿಯುವುದನ್ನು ಮಸುಕಾಗದಂತೆ ಹಿಡಿಯಬಹುದು. ಏಟು ಬಿದ್ದು ಎಷ್ಟು ಹೊತ್ತಿಗೆ ಫೋಟೊ ತೆಗೆಯಬೇಕು ಎನ್ನುವುದನ್ನು ಚೂರು ಚೂರೇ ಬದಲಿಸುತ್ತ, ಹೊಸ ಹೊಸ ಮಾದರಿಗಳ ಮೇಲೆ ಮತ್ತೆ ಮತ್ತೆ ಮಾಡಿ, ಒಂದೊಂದು ಚಿತ್ರವನ್ನು ಜೋಡಿಸಿ ಸಿನಿಮಾ ಮಾಡಿದ ಹಾಗೆ.

ಒತ್ತಡ ಸುಮಾರು 187 ಗಿಗಾಪಾಸ್ಕಲ್‌ವರೆಗೆ ಏರಿತು, ಬಿಸಿ 3,800 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಕಬ್ಬಿಣ ಮೊದಲು ಆರು ಮೂಲೆಯ ರೂಪಕ್ಕೆ ಬಂತು. ಆಮೇಲೂ ಅದುಮುತ್ತಲೇ ಇದ್ದಾಗ ಹರಳುಗಳ ಭಾಗಗಳು ಸುಮಾರು 90 ಡಿಗ್ರಿ ಪಕ್ಕಕ್ಕೆ ತಿರುಗಿ ನಿಂತವು. ಬಸ್ಸಿನ ಜನರ ಹಾಗೆ. ಅಂದರೆ ಅವಳಿಯಾಗುವುದು ಖಚಿತವಾಯಿತು. ಹೀಗೆ ತಿರುಗಿ ಬಲವನ್ನು ಹಂಚಿಕೊಂಡದ್ದರಿಂದ, ಆ ಗಳಿಗೆಯ ಮಟ್ಟಿಗೆ, ಅಷ್ಟು ಬಿಸಿ ಕಬ್ಬಿಣವೂ ಚೆನ್ನಾಗಿಯೇ ತಡೆದು ನಿಂತಿತು.

ಒಂದು ತಕರಾರು ನನ್ನದು. "ಭೂಮಿಯ ತಿರುಳಿನ ಕಬ್ಬಿಣವನ್ನು ನೋಡಿದರು" ಎಂದು ಪತ್ರಿಕೆಗಳು ತಲೆಬರಹ ಕೊಟ್ಟವು. 187 ಗಿಗಾಪಾಸ್ಕಲ್ ಹೊರತಿರುಳಿನ ಒತ್ತಡ. ನಿಜವಾದ ಹೊರತಿರುಳಿನಲ್ಲಿ ಕಬ್ಬಿಣ ದ್ರವ, ಅದಕ್ಕೆ ಹರಳೂ ಇಲ್ಲ, ಅವಳಿಯೂ ಇಲ್ಲ. ಘನ ಇರುವುದು 330 ದಾಟಿದ ಮೇಲೆ. ಪ್ರಯೋಗ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ತಲೆಬರಹ ಮಾತ್ರ ಒಂದು ಹೆಜ್ಜೆ ಮುಂದೆ ಓಡಿತ್ತು.

ಹಾಗಾದರೆ ತಿರುಳಿನ ಕಬ್ಬಿಣ ಗಟ್ಟಿಯೋ, ಮೆತ್ತಗೋ?

ರಸ್ತೆ ಬದಿ ಡಾಂಬರಿನ ಡ್ರಮ್ಮು ಮಗುಚಿ ಬಿದ್ದದ್ದನ್ನು ನೋಡಿದ್ದೀರಾ? ಚಳಿಗಾಲದ ಬೆಳಗ್ಗೆ ಆ ಗಡ್ಡೆಗೆ ಸುತ್ತಿಗೆಯಿಂದ ಹೊಡೆದರೆ ಚೂರಾಗಿ ಸಿಡಿಯುತ್ತದೆ. ಅದೇ ಗಡ್ಡೆಯನ್ನು ಹಾಗೇ ಬಿಟ್ಟರೆ ದಿನಗಳು ಕಳೆದಂತೆ ಹರಡಿಕೊಂಡು ಹರಿದಿರುತ್ತದೆ. ಡಾಂಬರು ಗಟ್ಟಿಯೇ, ಮೆತ್ತಗೇ? ಸುತ್ತಿಗೆಗೆ ಒಂದು ಉತ್ತರ, ತಿಂಗಳಿಗೆ ಇನ್ನೊಂದು ಉತ್ತರ.

ಲೇಸರ್ ಪ್ರಯೋಗ ಸುತ್ತಿಗೆಯ ಏಟು, ಅದೂ ಊಹೆಗೆ ಮೀರಿದ ವೇಗದ್ದು. ಒಳತಿರುಳು ತಿಂಗಳಲ್ಲ, ಕೋಟಿಗಟ್ಟಲೆ ವರ್ಷ ತೆಗೆದುಕೊಂಡು ಬಾಗುವ ವಸ್ತು. ಕರಗುವ ಬಿಸಿಯ ಅಂಚಿನಲ್ಲೇ ಇರುವುದರಿಂದ ಅಲ್ಲಿ ಪರಮಾಣುಗಳು ಜಾಗ ಬಿಟ್ಟು ಜಾಗಕ್ಕೆ ನೆಗೆಯುತ್ತಿರುತ್ತವೆ. ಜಮಖಾನದ ಸುಕ್ಕುಗಳು ಎಷ್ಟೇ ನಿಧಾನವಾದರೂ ಹರಿಯುತ್ತವೆ. ಅವಳಿಯಾಗಲೇಬೇಕಾದ ಅವಸರ ಅಲ್ಲಿಲ್ಲ. 2013ರಲ್ಲೇ ಗ್ಲೀಸನ್ ಮತ್ತು ವೆಂಡಿ ಮಾವ್ ವಜ್ರದ ಅಡಿಗಲ್ಲಿನಲ್ಲಿ ಅಳೆದು, ಒಳತಿರುಳಿನ ಕಬ್ಬಿಣ ಎಣಿಸಿದ್ದಕ್ಕಿಂತ ದುರ್ಬಲ ಎಂದಿದ್ದರು. ಒಬ್ಬರೇ ವಿಜ್ಞಾನಿ ಒಮ್ಮೆ ದುರ್ಬಲ ಅಂದು, ಇನ್ನೊಮ್ಮೆ ಬಲು ಗಟ್ಟಿ ಅಂದಂತೆ ಕಾಣುತ್ತದೆ. ಇದು ಮಾತು ಬದಲಿಸಿದ್ದಲ್ಲ. ಎರಡು ಪ್ರಯೋಗಗಳು ಕಬ್ಬಿಣಕ್ಕೆ ಕೊಟ್ಟ ಸಮಯವೇ ಬೇರೆ ಬೇರೆ.

ಭೂಕಂಪದ ಅಲೆಗಳೂ ಒಳತಿರುಳು ಮೆತ್ತಗಿದೆ ಅನ್ನುತ್ತವೆ. ಅಡ್ಡಡ್ಡ ಅಲುಗುವ ಅಲೆಗಳು ಅಲ್ಲಿ ಸೆಕೆಂಡಿಗೆ ಸುಮಾರು 3.5 ಕಿಲೋಮೀಟರ್ ಮಾತ್ರ ಓಡುತ್ತವೆ, ಅಪ್ಪಟ ಕಬ್ಬಿಣಕ್ಕೆ ಇದು ತೀರಾ ನಿಧಾನ. 2022ರಲ್ಲಿ ಚೀನಾದ ತಂಡವೊಂದು ಕಂಪ್ಯೂಟರ್ ಲೆಕ್ಕದಿಂದ ಒಂದು ಕಾರಣ ಕೊಟ್ಟಿತು: ಕಬ್ಬಿಣದ ಪರಮಾಣುಗಳು ಸಾಲಾಗಿ ನಿಂತಿದ್ದರೂ, ನಡುವಿನ ಜಲಜನಕ, ಇಂಗಾಲ, ಆಮ್ಲಜನಕಗಳು ದ್ರವದ ಹಾಗೆ ಓಡಾಡುತ್ತಿರಬಹುದು. ಪೂರ್ತಿ ಘನವೂ ಅಲ್ಲ, ದ್ರವವೂ ಅಲ್ಲ.

ತಿರುಳು ಒಂದು ದೊಡ್ಡ ಅಯಸ್ಕಾಂತವೇ?

ಅಲ್ಲ. ಕಬ್ಬಿಣವನ್ನು 770 ಡಿಗ್ರಿಗಿಂತ ಹೆಚ್ಚು ಕಾಯಿಸಿದರೆ ಅಯಸ್ಕಾಂತ ಗುಣ ಹೋಗಿಬಿಡುತ್ತದೆ. ಭೂಮಿಯ ಕಾಂತಕ್ಷೇತ್ರ ಬರುವುದು ಹೊರತಿರುಳಿನ ದ್ರವ ಕಬ್ಬಿಣ ಸುಳಿಯುವುದರಿಂದ, ಡೈನಮೊ ಹಾಗೆ.

ಹರಳು ಯಾವ ಕಡೆ ತಿರುಗಿದರೆ ನಮಗೇನು?

ಒಳತಿರುಳಿನಲ್ಲಿ ಅಲೆಗಳು ಉತ್ತರ–ದಕ್ಷಿಣವಾಗಿ ಓಡುವಾಗ ವೇಗ ಜಾಸ್ತಿ, ಪೂರ್ವ–ಪಶ್ಚಿಮವಾಗಿ ಕಡಿಮೆ. ವ್ಯತ್ಯಾಸ ಸುಮಾರು ಶೇ 3. 1980ರ ದಶಕದಲ್ಲಿ ಇದು ಗೊತ್ತಾಯಿತು. ಕಟ್ಟಿಗೆಯಲ್ಲೂ ಎಳೆಯ ಗುಂಟ ಸದ್ದು ಬೇಗ ಹೋಗುತ್ತದೆ, ಅಡ್ಡಲಾಗಿ ನಿಧಾನ. ಹಾಗಾದರೆ ಒಳತಿರುಳಿಗೂ ಎಳೆ ಇದೆ ಅಂತಾಯಿತು. ಕಬ್ಬಿಣದ ಹರಳುಗಳು ಒಂದೇ ಕಡೆ ಮುಖ ಮಾಡಿ ನಿಂತಿವೆ. ಅವನ್ನು ಹಾಗೆ ನಿಲ್ಲಿಸಿದ್ದು ಯಾರು? ಬಾಗುವಿಕೆಯೇ ಇರಬೇಕು. ಲೋಹ ಹರಿದಂತೆ ಹರಳುಗಳು ತಿರುಗುತ್ತವೆ. ಆದ್ದರಿಂದ ಜಾರುವುದೋ ಅವಳಿಯೋ ಅನ್ನುವ ವಾದ ಬರೀ ಲೋಹಶಾಸ್ತ್ರದವರ ಜಗಳವಲ್ಲ. ಅದು ಇತ್ಯರ್ಥವಾದರೆ ಆ ಎಳೆಯನ್ನು ಓದಿ, ಒಳತಿರುಳು ಯಾವ ಕಡೆಯಿಂದ ಬೆಳೆಯಿತು, ಒಳಗೆ ಹೇಗೆ ಹರಿಯಿತು ಎಂದು ಹೇಳಬಹುದು. 2023ರ ಒಂದು ಅಧ್ಯಯನ ಸುಮಾರು 650 ಕಿಲೋಮೀಟರ್ ತ್ರಿಜ್ಯದ ನಡುಭಾಗದಲ್ಲಿ ಎಳೆಯ ದಿಕ್ಕೇ ಬೇರೆ ಎಂದಿತು. ಹಲಸಿನ ಬೀಜದೊಳಗೆ ಇನ್ನೊಂದು ಬೀಜ!

ಭೂಮಿಯ ತಿರುಳು ತಿರುಗುವುದನ್ನು ನಿಲ್ಲಿಸಿದೆ ಎಂದು ವಾಟ್ಸಾಪ್‌ನಲ್ಲಿ ಬಂದಿತ್ತಲ್ಲ?

2023ರ ಜನವರಿಯ ಸುದ್ದಿ ಅದು. ಮೂಲ ಅಧ್ಯಯನ ಹೇಳಿದ್ದು ಇಷ್ಟೇ: ಮೇಲಿನ ಪದರಗಳಿಗೆ ಹೋಲಿಸಿದರೆ ಒಳತಿರುಳು 2009ರ ಸುಮಾರಿಗೆ ಮುಂದೋಡುವುದನ್ನು ಬಿಟ್ಟಿತು. ಪಕ್ಕದ ರೈಲು ನಮ್ಮದೇ ವೇಗದಲ್ಲಿ ಹೋದರೆ ನಿಂತ ಹಾಗೆ ಕಾಣುತ್ತದಲ್ಲ, ಅಷ್ಟೇ. ಭಯಪಡುವಂಥದ್ದು ಏನೂ ಇಲ್ಲ.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು 2025ರ ಅಧ್ಯಯನ. ದಕ್ಷಿಣ ಸ್ಯಾಂಡ್‌ವಿಚ್ ದ್ವೀಪಗಳ ಬಳಿ ಒಂದೇ ಜಾಗದಲ್ಲಿ ಮರುಕಳಿಸುವ ಭೂಕಂಪಗಳನ್ನು ಜಾನ್ ವಿಡಾಲೆ ಮತ್ತು ಸಂಗಡಿಗರು 1991ರಿಂದ 2024ರವರೆಗೆ ಹೋಲಿಸಿ ನೋಡಿದರು. ಒಳತಿರುಳು ಹಳೆಯ ಭಂಗಿಗೇ ಮರಳಿದ್ದ ಹೊತ್ತಿನಲ್ಲೂ ಕೆಲವು ಅಲೆಗಳು ಮೊದಲಿನಂತಿರಲಿಲ್ಲ. ಅಂದರೆ ಒಳತಿರುಳಿನ ಮೇಲ್ಮೈಯೇ ಅಲ್ಲಲ್ಲಿ ಆಕಾರ ಬದಲಿಸಿರಬಹುದು. ಕೋಟಿ ವರ್ಷದ ಲೆಕ್ಕ ಹಿಡಿದು ಕೂತವರಿಗೆ, ಒಬ್ಬ ಮನುಷ್ಯನ ಆಯುಸ್ಸಿನೊಳಗೇ ಅದು ಬಾಗುತ್ತಿರುವ ಸುಳಿವು ಸಿಕ್ಕಿತು.

ಬೇರೆ ಗ್ರಹಗಳಲ್ಲೂ ಹೀಗೆಯೇ?

ಬುಧ ಗ್ರಹ ಹೆಚ್ಚುಕಡಿಮೆ ಸಿಪ್ಪೆ ಸುತ್ತಿದ ಕಬ್ಬಿಣದ ಗುಂಡು. 2,440 ಕಿಲೋಮೀಟರ್ ತ್ರಿಜ್ಯದಲ್ಲಿ ಸುಮಾರು 2,000 ತಿರುಳಿನದೇ. ನಮ್ಮ ಸೌರಮಂಡಲದ ಆಚೆ ಭೂಮಿಗಿಂತ ದೊಡ್ಡ ಕಲ್ಲುಗ್ರಹಗಳಿವೆ, ಅವುಗಳ ತಿರುಳಿನ ಒತ್ತಡ ಇನ್ನೂ ಭಾರಿ. ಅದನ್ನು ತಿಳಿಯಲು ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ ಎಂಬ ಲೇಸರ್ ಪ್ರಯೋಗಾಲಯದಲ್ಲಿ ಕಬ್ಬಿಣವನ್ನು 1,000 ಗಿಗಾಪಾಸ್ಕಲ್‌ವರೆಗೆ ಅದುಮಿ ನೋಡಿದರು. 2022ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು.

ಒಡೆದುಹೋದ ಪುಟ್ಟ ಗ್ರಹಗಳ ತಿರುಳು ಆಗಾಗ ತಾನೇ ನಮ್ಮಲ್ಲಿಗೆ ಬಂದು ಬೀಳುತ್ತದೆ. ಕಬ್ಬಿಣದ ಉಲ್ಕೆಗಳಲ್ಲಿ ಬಹಳಷ್ಟು ಅಂಥವೇ. ಅವನ್ನು ಕೊಯ್ದು ಹೊಳಪು ಮಾಡಿ ಆಮ್ಲ ಹಚ್ಚಿದರೆ ಕೆಲವುಗಳಲ್ಲಿ ನವಿರಾದ ನೇರ ಗೆರೆಗಳು ಕಾಣುತ್ತವೆ. 1848ರಲ್ಲಿ ಇವನ್ನು ಗುರುತಿಸಿದ ನಾಯ್ಮನ್ ಹೆಸರಿನಲ್ಲೇ ಕರೆಯುತ್ತಾರೆ. ಗೆರೆಗಳೆಲ್ಲ ಅವಳಿಗಳು. ಬಾಹ್ಯಾಕಾಶದಲ್ಲಿ ಢಿಕ್ಕಿ ಹೊಡೆದಾಗ ಚೌಕದ ಕಬ್ಬಿಣ ಗಕ್ಕನೆ ತಿರುಗಿ ನಿಂತ ಗುರುತು.

ಮನೆಯಲ್ಲೇ ಅವಳಿಯಾಗುವುದನ್ನು ನೋಡಬಹುದೇ?

ನೋಡಲಾಗುವುದಿಲ್ಲ, ಕೇಳಬಹುದು. ಕಬ್ಬಿಣ ಬೇಡ, ತವರ ಬೇಕು. ಹಿಂದೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಲು ಬರುತ್ತಿದ್ದವರ ಚೀಲದಲ್ಲಿ ಇರುತ್ತಿತ್ತಲ್ಲ, ಅದೇ. ಅಪ್ಪಟ ತವರದ ಕಡ್ಡಿ ಸಿಕ್ಕರೆ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿ. ಕರಕರ ಎಂದು ಸದ್ದು ಬರುತ್ತದೆ. ಒಳಗೆ ಹರಳುಗಳು ಒಂದೊಂದಾಗಿ ಮಗ್ಗುಲು ಬದಲಿಸುವ ಸದ್ದು ಅದು. ಸೀಸ ಬೆರೆತ ಬೆಸುಗೆ ತಂತಿ ತಂದು ಸುಮ್ನೆ ಬಗ್ಗಿಸುತ್ತಾ ಕೂರಬೇಡಿ, ಅದರಲ್ಲಿ ಇಷ್ಟು ಚೆನ್ನಾಗಿ ಕೇಳುವುದಿಲ್ಲ.